ಅಪ್ಪ ಅಮ್ಮನ ಮೊದಲ ವಿದೇಶ ಪ್ರವಾಸ: ಸಿಂಗಪುರ, ಕ್ವಾಲಾಲಂಪುರಕ್ಕೆ ಹೊರಡುವ ಮುನ್ನ ಏನೆಲ್ಲ ನೋಡಿಕೊಳ್ಳಬೇಕು?

ತೆಂಗಿನ ನೆರಳು:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಪ್ರೌಢಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು, ವಯಸ್ಸು 67. ಈಗ ತೆಂಗಿನ ತೋಟದ್ದೇ ಅವರಿಗೆ ಪಾಠ, ಅದರದ್ದೇ ಹಾಜರಿ. ಅಮ್ಮನಿಗೆ 61, ಓದಿದ್ದು ಏಳನೆಯ ತರಗತಿ. ಇಬ್ಬರೂ ಈವರೆಗೆ ವಿಮಾನ ಹತ್ತಿದವರಲ್ಲ. ಅವರಿಬ್ಬರು, ನಾನು, ನನ್ನ ಹೆಂಡತಿ, ಏಳು ವರ್ಷದ ಮಗಳು, ಒಟ್ಟು ಐದು ಜನ. ದಸರಾ ರಜೆಯಲ್ಲಿ ನಾಲ್ಕು ದಿನ ಸಿಂಗಪುರ, ಮೂರು ದಿನ ಕ್ವಾಲಾಲಂಪುರ ಎಂದು ನಿಶ್ಚಯವಾಗಿದೆ. ನಾನೂ ದೇಶದ ಗಡಿ ದಾಟಿದವನಲ್ಲ.

ನನ್ನೊಬ್ಬನ ಬಳಿ ಪಾಸ್‌ಪೋರ್ಟ್ ಇದೆ, ಉಳಿದವರದ್ದು ಆಗಬೇಕು. ಪ್ಯಾಕೇಜ್‌ನಲ್ಲಿ ಹೋಗೋಣ ಎಂಬುದು ಅಪ್ಪನ ಮಾತು, ನಾವೇ ಹೋಗೋಣ ಎಂಬುದು ನನ್ನ ಹಟ. ಅಮ್ಮ ಮೊಟ್ಟೆಯ ವಾಸನೆ ಬಂದರೂ ತಟ್ಟೆ ಸರಿಸುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಸಿಂಗಪುರದಲ್ಲಿ ಇರುವ ಸ್ನೇಹಿತನಿಗೆ ಎರಡು ಕಿಲೋ ಕೊಬ್ಬರಿ ಒಯ್ಯಬೇಕು ಎಂಬ ಆಸೆ ಬೇರೆ ಅವರಿಗೆ. ಎಲ್ಲಿಂದ ಶುರು ಮಾಡಬೇಕು ಎಂಬುದೇ ತಿಳಿಯುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಹಳೆಯ ಟಿಕೆಟ್ ಗುಮಾಸ್ತ:

ಇಪ್ಪತ್ತಾರು ವರ್ಷ ಬೆಂಗಳೂರಿನಲ್ಲಿ ವಿಮಾನದ ಟಿಕೆಟ್ ಬರೆದ ಕೈ ಇದು. ಹೋಟೆಲ್, ಊಟ, ಕೊಬ್ಬರಿ ಎಲ್ಲ ಆಮೇಲೆ. ಮೊದಲು ಹೆಸರು ಸರಿಮಾಡಿಕೊಳ್ಳಿ.

ನಮ್ಮ ಕಡೆಯ ಹೆಸರುಗಳ ತಾಪತ್ರಯ ನಿಮಗೆ ಗೊತ್ತೇ ಇದೆ. ಟಿ. ಎಸ್. ರುದ್ರಪ್ಪ ಎಂದು ಒಬ್ಬರಿದ್ದಾರೆ ಎಂದುಕೊಳ್ಳಿ. ತಿಪಟೂರಿನ ಸಿದ್ದಪ್ಪನ ಮಗ ರುದ್ರಪ್ಪ. ಶಾಲೆಯ ದಾಖಲೆಯಲ್ಲಿ 'ರುದ್ರಪ್ಪ ಟಿ. ಎಸ್.', ಆಧಾರ್‌ನಲ್ಲಿ 'ಟಿ ಎಸ್ ರುದ್ರಪ್ಪ', ಪ್ಯಾನ್‌ನಲ್ಲಿ ಪೂರ್ತಿ ಬಿಡಿಸಿದ ಹೆಸರು, ಬ್ಯಾಂಕಿನಲ್ಲಿ ಬರೀ 'ರುದ್ರಪ್ಪ'. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿಯೇ ಬರೆಯಬೇಕು. ಅಲ್ಲಿ ಗಿವನ್ ನೇಮ್ ಒಂದು ಕಡೆ, ಸರ್‌ನೇಮ್ ಇನ್ನೊಂದು ಕಡೆ. 'ನಮಗೆಲ್ಲಿಯ ಸರ್‌ನೇಮ್' ಎಂದು ಎರಡನೆಯದನ್ನು ಖಾಲಿ ಬಿಟ್ಟವರನ್ನು ನೂರಾರು ಸಲ ನೋಡಿದ್ದೇನೆ. ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ. ತಾಪತ್ರಯ ಶುರುವಾಗುವುದು ಟಿಕೆಟ್ ಮಾಡುವಾಗ, ಏಕೆಂದರೆ ಸರ್‌ನೇಮ್ ತುಂಬದೆ ಜಾಲತಾಣ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಒಂದು ವಿಮಾನ ಕಂಪನಿ ಇದ್ದ ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತದೆ, ಇನ್ನೊಂದು ಬೇರೆ ಏನೋ ಹೇಳುತ್ತದೆ. ಯುಎಇ ಅಂತೂ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಎಂದಿತು. ಆಮೇಲೆ ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ಆದೀತು ಎಂದು ಸ್ವಲ್ಪ ಸಡಿಲಿಸಿತು. ನೀವು ಹೋಗುತ್ತಿರುವುದು ಅಲ್ಲಿಗಲ್ಲ, ಆದರೆ ಪಾಸ್‌ಪೋರ್ಟ್ ಹತ್ತು ವರ್ಷದ್ದು. ಈಗ ಹೊಸದಾಗಿ ಮಾಡಿಸುತ್ತಿರುವವರು ಎರಡೂ ಅಂಕಣ ತುಂಬಿ. ಆಧಾರ್‌ನಲ್ಲಿ ಹಾಗಿಲ್ಲದಿದ್ದರೆ ಮೊದಲು ಅದನ್ನು ತಿದ್ದಿಸಿ, ಆಮೇಲೆ ಅರ್ಜಿ ಹಾಕಿ.

ಟಿಕೆಟ್ ಮಾಡುವಾಗ ಪಾಸ್‌ಪೋರ್ಟನ್ನು ಎದುರಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆಯಿರಿ. ನೆನಪಿನಿಂದ ಬರೆಯಬೇಡಿ. ಕಡಿಮೆ ದರದ ಟಿಕೆಟ್‌ಗಳಲ್ಲಿ ಹೆಸರು ತಿದ್ದುವುದಕ್ಕಿಂತ ಹೊಸ ಟಿಕೆಟ್ ಕೊಳ್ಳುವುದೇ ಅಗ್ಗ ಎನ್ನುವ ಸ್ಥಿತಿ ಬರುತ್ತದೆ.

ತೆಂಗಿನ ನೆರಳು:

ಗುಮಾಸ್ತರೇ, ಈಗಷ್ಟೇ ಎದ್ದು ನನ್ನ ಪಾಸ್‌ಪೋರ್ಟ್ ತೆಗೆದು ನೋಡಿದೆ. ಸರ್‌ನೇಮ್ ಖಾಲಿ! ಅಮ್ಮನ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ನಮ್ಮೂರಿನಲ್ಲಿ ಅರ್ಧ ಜನ ಹುಟ್ಟಿದ್ದು ಅದೇ ದಿನ. ಜನನ ಪ್ರಮಾಣಪತ್ರ ಇಲ್ಲ. ಹತ್ತನೆಯ ತರಗತಿ ಆಗಿಲ್ಲವಾದ್ದರಿಂದ ಪಾಸ್‌ಪೋರ್ಟ್ ಮೇಲೆ ಯಾವುದೋ ಮುದ್ರೆ ಬೀಳುತ್ತದೆ, ಮಲೇಷ್ಯಾಕ್ಕೆ ಬಿಡುವುದಿಲ್ಲ ಎಂದು ಪಕ್ಕದ ಮನೆಯವರು ಅಮ್ಮನನ್ನು ಹೆದರಿಸಿದ್ದಾರೆ.

ಹಳೆಯ ಟಿಕೆಟ್ ಗುಮಾಸ್ತ:

ನಿಮ್ಮ ಪಾಸ್‌ಪೋರ್ಟ್ ಹಾಗೇ ಇರಲಿ, ಈ ಪ್ರವಾಸಕ್ಕೆ ನಡೆಯುತ್ತದೆ. ಸರ್‌ನೇಮ್ ಇಲ್ಲದವರ ಹೆಸರನ್ನು ಹೇಗೆ ಬರೆಯಬೇಕು ಎಂದು ಆ ವಿಮಾನ ಕಂಪನಿಯ ಸಹಾಯವಾಣಿಯಲ್ಲಿ ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ. ವೀಸಾ ಅರ್ಜಿಯಲ್ಲಿ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ಅವಧಿ ಎಷ್ಟಿದೆ ನೋಡಿ, ಅಲ್ಲಿಗೆ ತಲುಪುವ ದಿನಕ್ಕೆ ಕನಿಷ್ಠ ಆರು ತಿಂಗಳು ಬಾಕಿ ಇರಲೇಬೇಕು.

ಅಮ್ಮನ ವಿಷಯ. ಜನನ ಪ್ರಮಾಣಪತ್ರವೇ ಬೇಕು ಎಂಬ ನಿಯಮ ಇರುವುದು 2023ರ ಅಕ್ಟೋಬರ್ 1ರಂದು ಮತ್ತು ನಂತರ ಹುಟ್ಟಿದ ಮಕ್ಕಳಿಗೆ. ದೊಡ್ಡವರಿಗೆ ಶಾಲೆಯ ವರ್ಗಾವಣೆ ಪತ್ರವೋ ಪ್ಯಾನ್ ಕಾರ್ಡೋ ಸಾಕು, ಎಲ್ಲದರಲ್ಲೂ ದಿನಾಂಕ ಒಂದೇ ಇರಬೇಕು ಅಷ್ಟೆ. ಇನ್ನು ಪಕ್ಕದ ಮನೆಯವರ ಮುದ್ರೆ. ಅದು ಇಸಿಆರ್. ಹತ್ತನೆಯ ತರಗತಿ ಓದದವರು ಕೆಲಸಕ್ಕೆಂದು ಹದಿನೆಂಟು ದೇಶಗಳಿಗೆ ಹೋಗುವಾಗ ಸರ್ಕಾರದ ಅನುಮತಿ ಬೇಕು ಎಂಬ ನಿಯಮ. ಮಲೇಷ್ಯಾ ಆ ಪಟ್ಟಿಯಲ್ಲಿ ಇರುವುದು ನಿಜ. ಆದರೆ ಐವತ್ತು ದಾಟಿದವರಿಗೆ ಅದು ಅನ್ವಯಿಸುವುದಿಲ್ಲ, ಪ್ರವಾಸಕ್ಕೆ ಹೋಗುವವರಿಗೂ ಇಲ್ಲ. ಅಮ್ಮ ನಿಶ್ಚಿಂತೆಯಿಂದ ಇರಲಿ. ದೊಡ್ಡವರ ಮೂವತ್ತಾರು ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ ಶುಲ್ಕ. ಅರವತ್ತು ದಾಟಿದವರಿಗೆ ಶೇ 10 ರಿಯಾಯಿತಿಯೂ ಇದೆ, ಎಂಟು ವರ್ಷದೊಳಗಿನ ಮಕ್ಕಳಿಗೂ. ಪೊಲೀಸ್ ಪರಿಶೀಲನೆಗೆ ಬಂದಾಗ ಮನೆಯಲ್ಲಿ ಇರಿ, ಸಮಯ ಎಳೆಯುವುದು ಅಲ್ಲಿಯೇ.

ಗೋಕುಲ ರಸ್ತೆ:

ನಾವು ಹುಬ್ಬಳ್ಳಿಯವರು. ಪ್ಯಾಕೇಜ್ ಎಂದರೆ ಇಲ್ಲಿ ಎಲ್ಲರೂ ಮೂಗು ಮುರಿಯುತ್ತಾರೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ: ನಿಮ್ಮ ಅಪ್ಪ ಹೇಳುವುದು ಸರಿ. ನನ್ನ ಅತ್ತೆ ಮಾವನನ್ನು ಅದೇ ಎರಡು ದೇಶಗಳಿಗೆ ತಂಡದ ಜೊತೆ ಕಳಿಸಿದ್ದೆವು. ಅಡುಗೆಯವರು ಜೊತೆಯಲ್ಲೇ ಬಂದಿದ್ದರು. ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಬಸ್ಸಿನಲ್ಲಿ ಇದ್ದವರೆಲ್ಲ ಬೆಳಗಾವಿ, ಗದಗ, ಬಾಗಲಕೋಟೆಯವರು. ಅತ್ತೆಯವರಿಗೆ ಸಿಂಗಪುರ ಏನು ನೆನಪಿದೆಯೋ ಗೊತ್ತಿಲ್ಲ, ಆ ಬಸ್ಸಿನಲ್ಲಿ ಸಿಕ್ಕ ಇಬ್ಬರು ಗೆಳತಿಯರು ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ನೀವೇ ಕರೆದುಕೊಂಡು ಹೋದರೆ ರಜೆ ಇರುವುದು ಅವರಿಗೆ ಮಾತ್ರ. ನೀವು ಏಳು ದಿನವೂ ನಕ್ಷೆ ಹಿಡಿದು ನಿಂತ ಮಾರ್ಗದರ್ಶಿ.

ಕಾವೇರಿ ದಂಡೆ:

ನಾನು ಒಪ್ಪುವುದಿಲ್ಲ. ಬೆಳಗ್ಗೆ ಆರಕ್ಕೆ ಎಬ್ಬಿಸಿ, ಏಳಕ್ಕೆ ಬಸ್ಸಿಗೆ ಹತ್ತಿಸಿ, ಪ್ರತಿ ಜಾಗದಲ್ಲೂ 'ಇಪ್ಪತ್ತು ನಿಮಿಷ, ಬೇಗ ಬನ್ನಿ' ಎನ್ನುವುದನ್ನು ಪ್ರವಾಸ ಎನ್ನುವುದಾದರೆ ಎನ್ನಿ. ಸಕ್ಕರೆ ಕಾಯಿಲೆ ಇರುವವರಿಗೆ ಊಟದ ಹೊತ್ತು ನಮ್ಮ ಕೈಯಲ್ಲಿ ಇರಬೇಕು, ಬಸ್ಸಿನವನ ಕೈಯಲ್ಲಿ ಅಲ್ಲ. ಸಿಂಗಪುರವಂತೂ ಮೊದಲ ಸಲ ಹೋಗುವವರಿಗಾಗಿಯೇ ಕಟ್ಟಿದ ಊರಿನಂತಿದೆ. ಫಲಕಗಳಲ್ಲಿ ಇಂಗ್ಲಿಷ್, ಹಲವು ಕಡೆ ತಮಿಳೂ ಇದೆ. ದಾರಿ ತಪ್ಪುವುದೇ ಕಷ್ಟ.

ಇರಲಿ, ನಾನು ಬರೆಯಬೇಕೆಂದದ್ದು ಬೇರೆ. ನಾಚಿಕೆ ಬಿಟ್ಟು ಹೇಳುತ್ತೇನೆ. ನಮ್ಮ ಮೊದಲ ಪ್ರವಾಸದ ಟಿಕೆಟ್‌ನಲ್ಲಿ 12ನೆಯ ತಾರೀಕು, 00.35 ಎಂದಿತ್ತು. 12ರ ಸಂಜೆ ಮೈಸೂರಿನಿಂದ ಫ್ಲೈಬಸ್ ಹತ್ತಿ, ರಾತ್ರಿ ಒಂಬತ್ತೂವರೆಗೆ ವಿಮಾನ ನಿಲ್ದಾಣದಲ್ಲಿ ಇಳಿದೆವು. ಮೂರು ಗಂಟೆ ಮೊದಲೇ ಬಂದೆವಲ್ಲ ಎಂದು ನನಗೆ ಹೆಮ್ಮೆ. ಕೌಂಟರಿನ ಹುಡುಗಿ ಟಿಕೆಟ್ ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಟಿಕೆಟ್ ನೋಡಿದಳು. 'ಸರ್, ನಿಮ್ಮ ವಿಮಾನ ನಿನ್ನೆ ರಾತ್ರಿ ಹೋಯಿತು.' 00.35 ಎಂದರೆ 11ರ ರಾತ್ರಿ ಕಳೆದ ಮೇಲಿನ ಹೊತ್ತು. ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟ್‌ನ ವಾಪಸಾತಿಯೂ ರದ್ದಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ರಾತ್ರಿ, ನಾಲ್ಕು ಜನರ ಎಂಟು ಟಿಕೆಟ್ ಕಳೆದುಕೊಂಡ ಮೇಲೆ. ಯಾರ ತಪ್ಪೂ ಅಲ್ಲ, ನನ್ನದೇ. ಹೆಂಡತಿ ಇಂದಿಗೂ ಮದುವೆಯ ಆಮಂತ್ರಣ ಬಂದರೂ ತಾರೀಕನ್ನು ಎರಡು ಸಲ ಓದಿಸುತ್ತಾಳೆ. ಬೆಂಗಳೂರಿನಿಂದ ಪೂರ್ವ ದಿಕ್ಕಿಗೆ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿಯ ಆಚೀಚೆಯೇ ಹೊರಡುವುದು. ಗೋಡೆಯ ಕ್ಯಾಲೆಂಡರ್‌ನಲ್ಲಿ ಮನೆ ಬಿಡುವ ದಿನಕ್ಕೆ ಗುರುತು ಹಾಕಿ, ವಿಮಾನದ ದಿನಕ್ಕಲ್ಲ.

ಹಳೆಯ ಟಿಕೆಟ್ ಗುಮಾಸ್ತ:

ದಂಡೆಯವರೇ, ಈ ತಪ್ಪನ್ನು ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಮಾಡಿದ್ದನ್ನೂ ಕಂಡಿದ್ದೇನೆ. ಸಮಾಧಾನ ಮಾಡಿಕೊಳ್ಳಿ.

ತಿಪಟೂರಿನವರಿಗೆ ಒಂದು ಮಾತು. ಅಂತರರಾಷ್ಟ್ರೀಯ ವಿಮಾನಗಳು ಈಗ ಕೆಂಪೇಗೌಡ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ. ತುಮಕೂರು ರಸ್ತೆಯಲ್ಲಿ ಬಂದು ಊರೊಳಗೆ ನುಗ್ಗಿ ಹೆಬ್ಬಾಳದಲ್ಲಿ ಸಿಕ್ಕಿಕೊಳ್ಳಬೇಡಿ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಮೂರು ಗಂಟೆ ಮೊದಲು ಅಲ್ಲಿರಿ.

ಸೆರಂಗೂನಿನ ಸೊಸೆ:

ನಾನು ಹಾಸನದವಳು, ಮದುವೆಯಾಗಿ ಸಿಂಗಪುರಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ವರ್ಷಕ್ಕೆ ಎರಡು ಮೂರು ಕುಟುಂಬಗಳಾದರೂ ನಮ್ಮ ಮನೆಗೆ ಬಂದು ಹೋಗುತ್ತವೆ, ಹಾಗಾಗಿ ಯಾರಿಗೆ ಎಲ್ಲಿ ಕಾಲು ಎಡವುತ್ತದೆ ಎಂಬುದು ಗೊತ್ತು.

ಭಾರತೀಯರಿಗೆ ಸಿಂಗಪುರದ ವೀಸಾ ಮೊದಲೇ ಬೇಕು. ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕು, ಶುಲ್ಕ 30 ಸಿಂಗಪುರ ಡಾಲರ್, ಅದರ ಮೇಲೆ ಏಜೆಂಟರ ಕೂಲಿ. ತಲುಪುವ ದಿನಕ್ಕೆ ತಿಂಗಳು ಉಳಿದಿರುವಾಗ ಹಾಕಿದರೆ ಸರಿ. ಮಗಳಿಗೂ ಬೇರೆ ಅರ್ಜಿ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮ್ಮವರಿಗೆ ಮೂವತ್ತು ದಿನದವರೆಗೆ ವೀಸಾ ಬೇಡ ಎಂದಿದೆ. ಇಂಥ ಸವಲತ್ತುಗಳಿಗೆ ಕಾಲಮಿತಿ ಇರುತ್ತದೆ, ಹೊರಡುವ ಮುನ್ನ ಅವರ ಸರ್ಕಾರದ ತಾಣದಲ್ಲಿಯೇ ಇನ್ನೊಮ್ಮೆ ನೋಡಿಕೊಳ್ಳಿ. ಇದಲ್ಲದೆ ಎರಡೂ ದೇಶಗಳಿಗೆ ಬೇರೆ ಬೇರೆ ಆಗಮನ ಕಾರ್ಡ್ ತುಂಬಬೇಕು, ತಲುಪುವ ದಿನವೂ ಸೇರಿ ಮೂರು ದಿನದೊಳಗೆ. ಎರಡೂ ಸಂಪೂರ್ಣ ಉಚಿತ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳು ಇದಕ್ಕೆ ದುಡ್ಡು ಕೀಳುತ್ತವೆ. ನನ್ನ ಸ್ವಂತ ಚಿಕ್ಕಪ್ಪ ಐದು ಜನರಿಗೆ ಹೀಗೆ ದುಡ್ಡು ಕಟ್ಟಿ, 'ನಿಮ್ಮ ದೇಶದಲ್ಲಿ ಎಲ್ಲದಕ್ಕೂ ಕಾಸು' ಎಂದು ನನ್ನನ್ನೇ ಬೈದರು.

ಊಟ. ಅಮ್ಮನಿಗಾಗಿ ಲಿಟಲ್ ಇಂಡಿಯಾ ಸುತ್ತಮುತ್ತ ಹೋಟೆಲ್ ಹಿಡಿಯಿರಿ. ಸೆರಂಗೂನ್ ರಸ್ತೆಯಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲ್‌ಗಳು ಸಾಲಾಗಿವೆ, 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ್ ಕೂಡ ಅಲ್ಲಿಯೇ. ನಿಮ್ಮ ತಂದೆಯವರಿಗೆ ಸ್ವಲ್ಪ ತಮಿಳು ಬಂದರೆ ಅವರೇ ನಿಮ್ಮ ಮಾರ್ಗದರ್ಶಿ. ಬೇರೆ ಕಡೆ ಹೋದಾಗ 'ವೆಜಿಟೇರಿಯನ್' ಎಂದಷ್ಟೇ ಕೇಳಿ ನಂಬಬೇಡಿ. ತರಕಾರಿಯನ್ನು ಸಿಂಪಿಯ ಸಾಸ್‌ನಲ್ಲಿ ಹುರಿದು ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಮಲೇಷ್ಯಾದಲ್ಲಿ ಸಂಬಲ್ ನೋಡಲು ನಮ್ಮ ಕೆಂಪು ಚಟ್ನಿಯ ಹಾಗೆಯೇ ಇರುತ್ತದೆ, ಒಳಗೆ ಸಿಗಡಿ ಅರೆದು ಹಾಕಿರುತ್ತಾರೆ. ಒಂದು ಗುಟ್ಟು ಹೇಳುತ್ತೇನೆ: ಚೀನಿ ಬೌದ್ಧರ ಸಸ್ಯಾಹಾರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಮಡಿ ಅಜ್ಜಿಯೂ ತಿನ್ನಬಹುದು. ಆದರೆ ಸೋಯಾದಲ್ಲಿ ಕೋಳಿ, ಮೀನಿನ ಆಕಾರ ಮಾಡಿ ಇಟ್ಟಿರುತ್ತಾರೆ. ಅಮ್ಮನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಅಂಗಡಿಯ ಬಾಗಿಲಿನಿಂದಲೇ ವಾಪಸ್.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ಚಪಾತಿ ತರಬಹುದು. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ. ನಮಗೆ ಅದು ಪಾಯಸ, ಇಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಸೇರುತ್ತದೆ, ದುಬೈನಲ್ಲೂ ಹಾಗೆಯೇ. ಮಸಾಲೆಪುಡಿಗೆ ಹಾಕಿದ್ದೀರಾ ಎಂದು ಅಮ್ಮನನ್ನು ಕೇಳಿ ನೋಡಿ.

ಅಡಿಕೆ ಸಿಪ್ಪೆ:

ಅಕ್ಕಾ, ಎಲೆ ಅಡಿಕೆ? ಸಿರ್ಸಿಯವರಿಗೆ ಊಟವಿಲ್ಲದಿದ್ದರೂ ನಡೆದೀತು.

ಸೆರಂಗೂನಿನ ಸೊಸೆ:

ತಮ್ಮಾ, ಜಗಿಯುವ ತಂಬಾಕು, ಗುಟ್ಕಾ, ಚ್ಯೂಯಿಂಗ್ ಗಮ್, ಇ-ಸಿಗರೇಟ್ ಯಾವುದನ್ನೂ ಇಲ್ಲಿಗೆ ತರುವಂತಿಲ್ಲ. ಸಿಗರೇಟು ಒಂದು ಪ್ಯಾಕ್ ತಂದರೂ ಸುಂಕ ಕಟ್ಟಬೇಕು. ಬರೀ ವೀಳ್ಯದೆಲೆಗೆ ಸುಣ್ಣ ಹಚ್ಚಿ ತಿನ್ನಬೇಕೆಂದರೆ ಲಿಟಲ್ ಇಂಡಿಯಾದಲ್ಲಿ ಎಲೆ ಸಿಗುತ್ತದೆ. ಉಗುಳುವುದು ಎಲ್ಲಿ ಎಂದು ಮಾತ್ರ ನನ್ನನ್ನು ಕೇಳಬೇಡ, ದಂಡ ನೀನೇ ಕಟ್ಟು.

ನಿವೃತ್ತ ಕ್ಯಾಷಿಯರ್:

ಹಣದ ವಿಚಾರ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ಎಲ್ಲ ಹಣವನ್ನೂ ಒಂದೇ ಜೇಬಿನಲ್ಲಿ, ಒಂದೇ ಕಾರ್ಡಿನಲ್ಲಿ ಇಡಬೇಡಿ. ವಿದೇಶಿ ಹಣ ಮೊದಲೇ ತುಂಬಿಸಿಟ್ಟ ಒಂದು ಫಾರೆಕ್ಸ್ ಕಾರ್ಡ್, ಆಪತ್ತಿಗೆ ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್, ಸ್ವಲ್ಪ ನಗದು. ವಿದೇಶಿ ನೋಟು ತಲೆಗೆ 3,000 ಅಮೆರಿಕನ್ ಡಾಲರ್ ಬೆಲೆಯವರೆಗೆ ಒಯ್ಯಬಹುದು, ನಿಮಗೆ ಅಷ್ಟು ಬೇಕಿಲ್ಲ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ದರ ಕೆಟ್ಟದ್ದು, ಊರಿನಲ್ಲಿಯೇ ಅಧಿಕೃತ ವಿನಿಮಯ ಕೇಂದ್ರದಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳಿ. ನಿಮ್ಮ ಸಾಮಾನ್ಯ ಕಾರ್ಡಿನಲ್ಲಿ ವಿದೇಶಿ ಬಳಕೆ ಮೊದಲಿಂದ ಬಂದ್ ಆಗಿರುತ್ತದೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದು, ದಿನದ ಮಿತಿ ಹಾಕಿ.

ಇದನ್ನು ಮಾತ್ರ ಮರೆಯಬೇಡಿ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರ 'ರೂಪಾಯಿಯಲ್ಲಿ ಕಟ್ಟುತ್ತೀರೋ, ಇಲ್ಲಿಯ ಡಾಲರಿನಲ್ಲೋ' ಎಂದು ಕೇಳುತ್ತದೆ. ರೂಪಾಯಿ ಎಂದರೆ ನಮಗೆ ಆಪ್ತ ಎನಿಸುತ್ತದೆ, ಮಗಳೇ ಒತ್ತಿಬಿಡಬಹುದು. ಒತ್ತಬಾರದು. ಆ ವಿನಿಮಯ ದರ ಅಂಗಡಿಯ ಕಡೆಯವರು ತಮಗೆ ಬೇಕಾದಂತೆ ಹಾಕಿದ್ದು. ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ಯುಪಿಐ ಇದೆಯಲ್ಲ ಎಂದು ಬರಿಗೈಯಲ್ಲಿ ಹೋಗಬೇಡಿ. 2023ರಲ್ಲಿ ಸಿಂಗಪುರದ ಪೇನೌ ಎಂಬ ಪಾವತಿ ವ್ಯವಸ್ಥೆಯ ಜೊತೆ ಜೋಡಿಸಿದ್ದು ಒಬ್ಬರಿಂದ ಒಬ್ಬರಿಗೆ ಹಣ ಕಳಿಸಲು, ಪ್ರತಿ ಚಹಾ ಅಂಗಡಿಯಲ್ಲಿ ಸ್ಕ್ಯಾನ್ ಮಾಡಲು ಅಲ್ಲ. ಬ್ಯಾಂಕಿನ ಒಟಿಪಿ ಬರುವ ಸಿಮ್ ಮೊಬೈಲ್‌ನಲ್ಲಿಯೇ ಇರಲಿ, ಅಲ್ಲಿಯ ಸಿಮ್ ಹಾಕುವಾಗ ಅದನ್ನು ತೆಗೆದು ಪರ್ಸಿನಲ್ಲಿ ಇಟ್ಟವರು ಪೇಚಾಡಿದ್ದನ್ನು ಕಂಡಿದ್ದೇನೆ.

ಗೋಕುಲ ರಸ್ತೆಯವರ ಮಾತು ಕೇಳಿ ಪ್ಯಾಕೇಜ್ ತೆಗೆದುಕೊಂಡರೆ ಬಿಲ್ಲಿನಲ್ಲಿ ಟಿಸಿಎಸ್ ಎಂದು, ಅಂದರೆ ಮೊದಲೇ ವಸೂಲಿ ಮಾಡುವ ತೆರಿಗೆ, ಇರುತ್ತದೆ. ಅದು ಹೋದ ಹಣವಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ವಜಾ ಆಗುತ್ತದೆ ಇಲ್ಲವೇ ವಾಪಸ್ ಬರುತ್ತದೆ. ಮತ್ತೆ ವಿಮೆ. ತಂದೆಯವರ ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆದೇ ವಿಮೆ ಮಾಡಿಸಿ. ಕಂತು ಸ್ವಲ್ಪ ಹೆಚ್ಚಾದೀತು. ಮುಚ್ಚಿಟ್ಟು ಮಾಡಿಸಿದ ವಿಮೆ ಕಾಗದಕ್ಕೆ ಸಮ.

ತೆಂಗಿನ ನೆರಳು:

ಎಲ್ಲರಿಗೂ ಕೃತಜ್ಞತೆ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಕಾವೇರಿ ದಂಡೆಯವರ ಕಥೆಗೆ ಬಹಳ ಹೊತ್ತು ನಕ್ಕರು. ನಾವೇ ಹೋಗುವುದೆಂದು ತೀರ್ಮಾನವಾಯಿತು. ಅಮ್ಮ ಡಬ್ಬ ತೆಗೆದು ನೋಡಿದರು, ಸಾಂಬಾರಿನ ಪುಡಿಯಲ್ಲಿ ಗಸಗಸೆ ಇದೆ! ಹೊಸದು ಮಾಡುತ್ತಿದ್ದಾರೆ. ಆದರೆ ಯಾರೂ ಕೊಬ್ಬರಿಯ ಬಗ್ಗೆ ಹೇಳಲಿಲ್ಲ.

ಹಳೆಯ ಟಿಕೆಟ್ ಗುಮಾಸ್ತ:

ಹೇಳಿದರೆ ತಿಪಟೂರಿನವರಿಗೆ ಬೇಸರವಾದೀತು ಎಂದು ಸುಮ್ಮನಿದ್ದೆ. ಕೊಬ್ಬರಿ ಗಿಟುಕನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಎಣ್ಣೆಯ ಅಂಶ ಹೆಚ್ಚು, ಗಾಳಿಯಾಡದ ಕಡೆ ರಾಶಿ ಇದ್ದರೆ ತಾನಾಗಿ ಕಾವು ಏರಿ ಹೊತ್ತಿಕೊಳ್ಳಬಹುದು ಎಂದು ಅಪಾಯಕಾರಿ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ಸ್ಕ್ಯಾನರ್‌ನಲ್ಲಿ ಗುಂಡಗೆ ಕಂಡ ಕೂಡಲೇ ಚೀಲ ಬಿಚ್ಚಿಸುತ್ತಾರೆ.

ತೆಂಗಿನ ನೆರಳು:

ಅಪ್ಪ ಹೇಳಿ ಕಳಿಸಿದ್ದು ಹಾಗೆಯೇ ಬರೆಯುತ್ತೇನೆ: 'ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ರಾಶಿ ಬಿದ್ದಿರುತ್ತದೆ, ಒಂದು ದಿನವೂ ಹೊತ್ತಿಕೊಂಡಿಲ್ಲ. ಹೊತ್ತಿಕೊಳ್ಳುವುದು ದರ ಕೇಳಿದಾಗ ನಮ್ಮ ಹೊಟ್ಟೆ.'

ಅಡಿಕೆ ಸಿಪ್ಪೆ:

ಮೇಷ್ಟ್ರಿಗೆ ಸಾಷ್ಟಾಂಗ ನಮಸ್ಕಾರ.

ಹಳೆಯ ಟಿಕೆಟ್ ಗುಮಾಸ್ತ:

ಚೀಲದ ಮಾತು ಬಂದದ್ದರಿಂದ ಮುಗಿಸಿಬಿಡುತ್ತೇನೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಬೇಡ. ಹಲವು ವಿಮಾನಗಳಲ್ಲಿ ಹಾರುವಾಗ ಬಳಸಲೂ ಬಿಡುವುದಿಲ್ಲ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ದ್ರವವೆಂದರೆ ಒಂದೊಂದು ಬಾಟಲಿ 100 ಮಿಲಿಲೀಟರ್ ಮೀರಬಾರದು. ಇನ್ಸುಲಿನ್ ಮಾತ್ರ ಕೈಚೀಲದಲ್ಲಿಯೇ, ವೈದ್ಯರ ಚೀಟಿಯ ಜೊತೆ. ಕೆಳಗಿನ ಸಾಮಾನಿನಲ್ಲಿ ಹಾಕಿದರೆ ತಣ್ಣಗಾಗಿ ಕೆಡಬಹುದು, ಚೀಲವೇ ಬೇರೆ ಊರಿಗೆ ಹೋಗಲೂಬಹುದು. ಮಾತ್ರೆಗಳನ್ನು ಅಂಗಡಿಯವರು ಕೊಟ್ಟ ಸ್ಟ್ರಿಪ್‌ನಲ್ಲಿಯೇ ಒಯ್ಯಿರಿ, ಬಿಡಿಸಿ ಡಬ್ಬಿಗೆ ತುಂಬಬೇಡಿ. ನಿದ್ರೆ ಮಾತ್ರೆಯೋ ಕೊಡೀನ್ ಇರುವ ಕೆಮ್ಮಿನ ಔಷಧವೋ ಇದ್ದರೆ ಸಿಂಗಪುರದವರ ಅನುಮತಿ ಮೊದಲೇ ಬೇಕಾಗಬಹುದು. ವಿಮಾನದ ಊಟಕ್ಕೆ ಕನಿಷ್ಠ ಒಂದು ದಿನ ಮೊದಲೇ 'ಏಷ್ಯನ್ ವೆಜಿಟೇರಿಯನ್' ಎಂದು ಹೇಳಿಡಿ. ಬರೀ ವೆಜಿಟೇರಿಯನ್ ಎಂದರೆ ಬೇಯಿಸಿದ ಸೊಪ್ಪು ಬಂದು ಕೂರುತ್ತದೆ. ಕಡಿಮೆ ದರದ ವಿಮಾನದಲ್ಲಿ ಊಟಕ್ಕೂ ಬೇರೆ ದುಡ್ಡು.

ಕ್ವಾಲಾಲಂಪುರದಿಂದಲೇ ಬೆಂಗಳೂರಿಗೆ ನೇರ ವಿಮಾನ ಇದೆ. ಸಿಂಗಪುರಕ್ಕೆ ಹೋಗುವುದು, ಕ್ವಾಲಾಲಂಪುರದಿಂದ ವಾಪಸ್, ಹೀಗೆ ಟಿಕೆಟ್ ಮಾಡಿ. ಮತ್ತೆ ಸಿಂಗಪುರಕ್ಕೆ ಬಂದು ವಿಮಾನ ಹತ್ತುವುದಾದರೆ ನಿಮ್ಮ ವೀಸಾ ಒಂದು ಪ್ರವೇಶದ್ದೋ ಹಲವು ಪ್ರವೇಶದ್ದೋ ನೋಡಬೇಕು, ಒಂದು ದಿನವೂ ಹಾಳು.

ಸೆರಂಗೂನಿನ ಸೊಸೆ:

ಎರಡು ಊರಿನ ನಡುವೆ ಬಸ್ಸಿನಲ್ಲಿ ಐದಾರು ಗಂಟೆ. ಎರಡು ದೇಶಗಳ ನಡುವಿನ ಸೇತುವೆಯ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಇಳಿದು ತಪಾಸಣೆ ಮುಗಿಸಬೇಕು. ಆ ಕಡೆ ಸಾಮಾನನ್ನೂ ಹೊತ್ತು ಇಳಿಯಬೇಕು. ಆದ್ದರಿಂದ ಅಮ್ಮ ಒಬ್ಬರೇ ಎಳೆಯಬಲ್ಲಷ್ಟು ದೊಡ್ಡ ಚೀಲ ಮಾತ್ರ ಸಾಕು.

ಇನ್ನು ನಡಿಗೆ. ಸೊಂಟ ಮಂಡಿ ನೋವಿದ್ದರೆ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿ, ಇದರಲ್ಲಿ ಸಂಕೋಚ ಬೇಡ. ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ, ಮಧ್ಯಾಹ್ನ ಕೋಣೆಗೆ ಬಂದು ಮಲಗಿ. ಇಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು, ಆದರೆ ವರ್ಷವಿಡೀ ಬೆಳಕು ಹರಿಯುವುದು ಏಳರ ಸುಮಾರಿಗೆ. ಬೇಗ ಎದ್ದು ಕೂರುವ ಹಿರಿಯರನ್ನು ಬೊಟಾನಿಕ್ ಗಾರ್ಡನ್ಸ್‌ಗೆ ಕರೆದೊಯ್ಯಿರಿ. ಬೆಳಗ್ಗೆ ಐದಕ್ಕೇ ತೆರೆದಿರುತ್ತದೆ, ಪ್ರವೇಶ ಉಚಿತ, 2015ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿಯೂ ಇದೆ. ಗಾರ್ಡನ್ಸ್ ಬೈ ದ ಬೇಯ ದೀಪದ ಮರಗಳ ಆಟಕ್ಕೂ ಟಿಕೆಟ್ ಇಲ್ಲ, ಸಂಜೆ 7.45 ಮತ್ತು 8.45ಕ್ಕೆ. ಎಂಆರ್‌ಟಿ ರೈಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಒಂದೇ ಕಾರ್ಡನ್ನು ಐದು ಸಲ ತೋರಿಸಿದರೆ ಬಾಗಿಲು ತೆರೆಯುವುದಿಲ್ಲ. ರೈಲಿನಲ್ಲಿ ಮಗಳಿಗೆ ಬಿಸ್ಕತ್ತು ಕೊಡಬೇಡಿ, ತಿಂದರೆ ದಂಡ 500 ಡಾಲರ್‌ವರೆಗೆ. ಹೊರಗೆ ಬೆವರು, ಒಳಗೆ ಹವಾನಿಯಂತ್ರಣದ ಚಳಿ, ಅಮ್ಮನಿಗೆ ಒಂದು ಶಾಲು ಇರಲಿ. ಛತ್ರಿಯೂ ಇರಲಿ. ನಲ್ಲಿ ನೀರು ಕುಡಿಯಬಹುದು. ಮೂರು ಚೌಕ ಕಡ್ಡಿಯ ಪ್ಲಗ್ ಬೇಕು, ಎರಡು ದೇಶಕ್ಕೂ ಅದೇ.

ಯಾರೂ ಹೇಳದ ಮಾತೊಂದಿದೆ. ಇಲ್ಲಿಯ ಅನೇಕ ಶೌಚಾಲಯಗಳಲ್ಲಿ ನೀರಿನ ಪೈಪು ಇರುವುದಿಲ್ಲ, ಕಾಗದವಷ್ಟೇ. ಮಲೇಷ್ಯಾದಲ್ಲಿ ಇರುತ್ತದೆ. ಒಂದು ಚಿಕ್ಕ ಪ್ಲಾಸ್ಟಿಕ್ ಚೊಂಬು ತನ್ನಿ. ನಮ್ಮ ಅತ್ತೆ ಮೊದಲ ಸಲ ಬಂದಾಗ ಇದಕ್ಕಾಗಿಯೇ ಅತ್ತಿದ್ದರು.

ಗೋಕುಲ ರಸ್ತೆ:

ಕ್ವಾಲಾಲಂಪುರದ ಹತ್ತಿರ ಮುರುಗನ ಗುಡಿ ಇರುವ ಬಟು ಗುಹೆಗೆ ಹೋಗುತ್ತೀರಲ್ಲ? ಮೆಟ್ಟಿಲು 272. ಮಂಡಿ ಮುಚ್ಚುವ ಬಟ್ಟೆ ಬೇಕು. ಕೋತಿಗಳು ಕೈಯಲ್ಲಿರುವ ಚೀಲ ಬಿಡುವುದಿಲ್ಲ. ನಮ್ಮ ತಂಡದವರು ಅರ್ಧ ಜನ ಕೆಳಗಿನ ಮುರುಗನ ವಿಗ್ರಹಕ್ಕೆ ಕೈಮುಗಿದು ಎಳನೀರು ಕುಡಿಯುತ್ತ ಕೂತರು, 42.7 ಮೀಟರ್ ಎತ್ತರದ ಸ್ವಾಮಿ ಎಲ್ಲಿಂದಲೂ ಕಾಣುತ್ತಾನೆ.

ತೆಂಗಿನ ನೆರಳು:

ಮೂರು ತಿಂಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಹೋಗಿ ಬಂದೆವು.

ಪಾಸ್‌ಪೋರ್ಟ್‌ಗಳು ಸಮಯಕ್ಕೆ ಬಂದವು, ಅಮ್ಮನದ್ದು ಎಲ್ಲರಿಗಿಂತ ಮೊದಲು. ನನ್ನ ಒಂಟಿ ಹೆಸರಿನದ್ದೇ ರಗಳೆಯಾದದ್ದು. ಬೆಂಗಳೂರಿನ ಕೌಂಟರಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದರು, ಟಿಕೆಟ್‌ನಲ್ಲಿ ಹೆಸರು ಎರಡು ಸಲ ಇದ್ದದ್ದು ಅವರಿಗೆ ಹೊಸದಂತೆ. ಸಹಾಯವಾಣಿಯ ಉತ್ತರವನ್ನು ಇ-ಮೇಲ್‌ನಲ್ಲಿ ತರಿಸಿಟ್ಟುಕೊಂಡಿದ್ದೆ, ಅದನ್ನು ತೋರಿಸಿದ ಮೇಲೆ ಬಿಟ್ಟರು. ಒಟಿಪಿ ಸಿಮ್‌ನ ಮಾತು ಮರೆತು ಹೋಗಿತ್ತು, ಕ್ಯಾಷಿಯರ್ ಸರ್ ಕ್ಷಮಿಸಬೇಕು.

ಅಮ್ಮ ಮೂರನೆಯ ದಿನ ಬೌದ್ಧರ ಅಂಗಡಿಯಲ್ಲಿ ಅನ್ನ, ಎಲೆಕೋಸು, ತೋಫು ತಿಂದರು. ಮೀನಿನ ಆಕಾರದ್ದು ಬಂದಾಗ ತಟ್ಟೆಗೆ ಬೆನ್ನು ಮಾಡಿ ಕೂತರು. ಬಟು ಗುಹೆಯ 272 ಮೆಟ್ಟಿಲನ್ನು ಅಪ್ಪ ಎಣಿಸುತ್ತಲೇ ಹತ್ತಿದರು, ಮೇಷ್ಟ್ರಲ್ಲವೇ, ಪುಸ್ತಕದ ಲೆಕ್ಕವನ್ನು ನಂಬುವುದಿಲ್ಲ. ಅಮ್ಮ ಕೆಳಗೆ ಎಳನೀರಿನ ಹತ್ತಿರ ಕೂತು, ನಮ್ಮದರಷ್ಟು ಸಿಹಿಯಿಲ್ಲ ಎಂದು ತೀರ್ಪು ಕೊಟ್ಟರು.

ಕೊಬ್ಬರಿಯನ್ನು ಒಯ್ಯಲಿಲ್ಲ. ಆದರೆ ಎರಡನೆಯ ದಿನ ಸೆರಂಗೂನ್ ರಸ್ತೆಯ ಒಂದು ದಿನಸಿ ಅಂಗಡಿಯಲ್ಲಿ ಅಪ್ಪ ನಿಂತೇಬಿಟ್ಟರು. ಗಾಜಿನ ಕಪಾಟಿನಲ್ಲಿ ಕೊಬ್ಬರಿ, ಅರ್ಧ ಹೋಳು, ಪ್ಲಾಸ್ಟಿಕ್ ಸುತ್ತಿ ಮೇಲೆ ದರದ ಚೀಟಿ. ಜೇಬಿನಿಂದ ಪೆನ್ನು ತೆಗೆದು ಬಸ್ಸಿನ ನಕ್ಷೆಯ ಹಿಂಬದಿಯಲ್ಲಿ ಡಾಲರನ್ನು ರೂಪಾಯಿ ಮಾಡಿದರು, ಗ್ರಾಮನ್ನು ಕ್ವಿಂಟಲ್ ಮಾಡಿದರು, ತಿಪಟೂರು ಎಪಿಎಂಸಿಯಲ್ಲಿ ಕಳೆದ ಹರಾಜಿನಲ್ಲಿ ತಮಗೆ ಸಿಕ್ಕಿದ್ದನ್ನು ಅದರ ಕೆಳಗೆ ಬರೆದು ಗೆರೆ ಎಳೆದರು. ಸಂಜೆ ದೀಪದ ಮರಗಳ ಕೆಳಗೆ ಸಾವಿರ ಜನ ತಲೆಯೆತ್ತಿ ನೋಡುತ್ತಿದ್ದರೆ, ಅಪ್ಪ ತಲೆ ತಗ್ಗಿಸಿ ಆ ನಕ್ಷೆಯನ್ನೇ ನೋಡುತ್ತಿದ್ದರು.